ಸಂಪಾದನೆಯ ಕಲೆ: ಗೂಳೂರಿನ ಗ್ರಂಥವೂ ಗುಬ್ಬಿಯ ರಂಗವೂ

ಒಬ್ಬ ಕವಿ, ಅವನಿಗೊಂದು ಆಸ್ಥಾನ, ಆ ಆಸ್ಥಾನದಲ್ಲಿ ಮೆರೆಯುವುದಕ್ಕೊಂದು ಮಹಾಕೃತಿ, ಈ ಮೂರೂ ಕೂಡಿದಲ್ಲಿ ಮಾತ್ರವೇ ಸಾಹಿತ್ಯವು ಬೆಳೆಯುವುದೆಂಬ ಭಾವನೆಯು ವಿಮರ್ಶಕರಲ್ಲಿ ಬಹುಕಾಲದಿಂದ ಬೇರೂರಿರುವುದು. ಪಂಪನ ಹೆಸರನ್ನೆತ್ತಿದೊಡನೆ ಅರಿಕೇಸರಿಯ ನೆನಪಾಗುವುದೂ, ರನ್ನನ ಹೆಸರಿನೊಡನೆ ಚಾಳುಕ್ಯರ ಸಭೆ ಕಣ್ಣಿಗೆ ಕಟ್ಟುವುದೂ ಈ ಅಭ್ಯಾಸದಿಂದಲೇ. ಇದೇ ಅಳತೆಗೋಲನ್ನು ಹಿಡಿದು ತುಮಕೂರು ಸೀಮೆಗೆ ಬಂದವರಿಗೆ ನಿರಾಶೆಯಾದರೆ ಆಶ್ಚರ್ಯವಿಲ್ಲ. ತುಮಕೂರು, ಗುಬ್ಬಿ, ಕುಣಿಗಲು ಈ ಮೂರೂ ಯಾವ ದೊಡ್ಡ ಸಾಮ್ರಾಜ್ಯಕ್ಕೂ ರಾಜಧಾನಿಗಳಾಗಿ ಮೆರೆದ ಊರುಗಳಲ್ಲ. ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಈ ಜಿಲ್ಲೆಯ ಶಾಸನಸಂಪುಟವನ್ನು ತಿರುವಿಹಾಕಿದರೆ ಅಲ್ಲಿ ಹೆಚ್ಚಾಗಿ ಕಾಣುವವರು ಸಾಮಂತರು, ಗೌಡರು, ಕೆರೆ ಕಟ್ಟಿಸಿದವರು, ದತ್ತಿ ಬಿಟ್ಟವರು. ಹಾಗಾದರೆ ಈ ಸೀಮೆಗೆ ಸಾಹಿತ್ಯವಿಲ್ಲವೋ? ಅಥವಾ ಅಳತೆಗೋಲೇ ತಪ್ಪೋ? ವಿಚಾರಮಾಡತಕ್ಕ ಪ್ರಶ್ನೆ ಇದು.

ಈ ಸೀಮೆಯು ಕನ್ನಡಕ್ಕೆ ಕೊಟ್ಟ ಎರಡು ದೊಡ್ಡ ವಸ್ತುಗಳನ್ನು ಎದುರಿಗಿಟ್ಟುಕೊಂಡರೆ ಉತ್ತರವು ತಾನಾಗಿಯೇ ಹೊಳೆಯುವುದು. ಒಂದು, ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆ. ಇನ್ನೊಂದು, ಗುಬ್ಬಿಯ ನಾಟಕ ಸಂಘ. ಒಂದು ಮಠದ ಗ್ರಂಥ, ಇನ್ನೊಂದು ಡೇರೆಯ ಆಟ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೆಲವು ಪಂಡಿತರ ಹುಬ್ಬು ಗಂಟಿಕ್ಕಬಹುದು. ಆದರೆ ಎರಡಕ್ಕೂ ಒಂದು ಗುಣ ಸಮಾನವಾಗಿದೆ. ಚದರಿಬಿದ್ದಿದ್ದ ಹಲವರ ಮಾತನ್ನು ಒಂದೆಡೆಗೆ ತಂದು, ಒಬ್ಬರ ಎದುರಿಗೆ ಇನ್ನೊಬ್ಬರನ್ನು ನಿಲ್ಲಿಸಿ, ಸಂವಾದವನ್ನಾಗಿ ಮಾಡುವುದೇ ಆ ಗುಣ. ಸಂಪಾದನೆಯೆಂದರೆ ಗಳಿಕೆ, ಸಂಪಾದನೆಯೆಂದರೆ ಕೂಡಿಸಿ ಅಣಿಗೊಳಿಸುವಿಕೆಯೂ ಹೌದು. ಈ ಎರಡು ಅರ್ಥಗಳೂ ಇಲ್ಲಿ ಒಂದಾಗಿವೆ.

ಮೊದಲು ಗ್ರಂಥದ ವಿಷಯ. ಅದರ ಮೂಲವು ಕುಣಿಗಲು ತಾಲ್ಲೂಕಿನಲ್ಲಿದೆ. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಬಾಳಿದ ಸಿದ್ಧಲಿಂಗ ಯತಿಗಳು ನಾಗಿನಿ ನದಿಯ ಬಳಿಯ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತುದರಿಂದ ತೋಂಟದ ಸಿದ್ಧಲಿಂಗರೆನಿಸಿದರು; ಎಡೆಯೂರಿನಲ್ಲಿ ಸಮಾಧಿಸ್ಥರಾದರು. ಅವರ ಷಟ್‌ಸ್ಥಲಜ್ಞಾನಸಾರಾಮೃತವು 701 ವಚನಗಳ ಗ್ರಂಥ. ಬಸವಣ್ಣನವರ ಕಾಲ ಕಳೆದು ಮುನ್ನೂರು ವರ್ಷಗಳ ತರುವಾಯ, ವಚನವೆಂಬ ರೂಪಕ್ಕೆ ಮತ್ತೆ ಜೀವ ಬಂದದ್ದು ಕಲ್ಯಾಣದಿಂದ ಇಷ್ಟು ದೂರದ ಈ ತೋಟದ ನೆರಳಿನಲ್ಲಿ ಎಂಬುದನ್ನು ಗಮನಿಸಬೇಕು. ಅವರ ಶಿಷ್ಯಪರಂಪರೆಗೆ ಸೇರಿದವರು ಸಿದ್ಧವೀರಣ್ಣೊಡೆಯರು. ಅವರ ಊರು ತುಮಕೂರಿಗೆ ಕೂಗಳತೆಯಲ್ಲಿರುವ ಗೂಳೂರು.

ಶೂನ್ಯಸಂಪಾದನೆಗಳು ನಾಲ್ಕು. ಮೊದಲನೆಯದು ಶಿವಗಣಪ್ರಸಾದಿ ಮಹಾದೇವಯ್ಯನದು, ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಇವರವು, ಕಡೆಯದು ಗೂಳೂರಿನದು. ಫ. ಗು. ಹಳಕಟ್ಟಿಯವರು 1930ರಲ್ಲಿ ಶೂನ್ಯಸಂಪಾದನೆಯನ್ನು ಅಚ್ಚುಮಾಡಿಸಿದರು, 1958ರಲ್ಲಿ ಸಂ. ಶಿ. ಭೂಸನೂರಮಠರ ಪರಿಷ್ಕರಣವು ಹೊರಬಂದಿತು. 1965ರಿಂದ 1972ರ ವರೆಗೆ ಕರ್ನಾಟಕ ವಿಶ್ವವಿದ್ಯಾನಿಲಯವು ಐದು ಸಂಪುಟಗಳಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಇಷ್ಟು ಗೌರವ ಪಡೆದ ಗ್ರಂಥದಲ್ಲಿ ಸಂಪಾದಕರ ಸ್ವಂತ ಮಾತೆಷ್ಟು ಎಂದು ಹುಡುಕಿದರೆ, ವಚನವಚನಗಳ ನಡುವೆ ಕೊಂಡಿಯಾಗಿ ಬರುವ ಗದ್ಯವಷ್ಟೇ. ಉಳಿದ ಒಂದೂವರೆ ಸಾವಿರಕ್ಕೂ ಮಿಕ್ಕ ವಚನಗಳು ಬಹುಪಾಲು ಹಿಂದಿನ ಶರಣರವು.

ಹಾಗಾದರೆ ಸಿದ್ಧವೀರಣ್ಣೊಡೆಯರು ಮಾಡಿದ್ದೇನು? ಮುಕ್ತಾಯಕ್ಕನ ಸಂಪಾದನೆಯನ್ನು ಓದಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡ ತಂಗಿ ಶೋಕದಲ್ಲಿದ್ದಾಳೆ. ಅಲ್ಲಿಗೆ ಅಲ್ಲಮಪ್ರಭು ಬರುತ್ತಾನೆ. ಬಿಡಿಯಾಗಿ ಓದಿದರೆ ಮುಕ್ತಾಯಕ್ಕನ ವಚನಗಳು ಗುರುವಿಯೋಗದ ಹಾಡುಗಳು. ಅಲ್ಲಮನವು ಬೆಡಗಿನ ಮಾತುಗಳು. ಎದುರುಬದುರಾಗಿ ನಿಂತಾಗಲಾದರೋ ಒಂದು ಹೊಸ ವಸ್ತು ಹುಟ್ಟುತ್ತದೆ. ಅಲ್ಲಮನ ತತ್ತ್ವಕ್ಕೆ ಅವಳು ಒಡನೆಯೇ ತಲೆಬಾಗುವುದಿಲ್ಲ. ನುಡಿಯನ್ನು ಮೀರಿದ ನಿಲವನ್ನು ನೀನು ನುಡಿಯಿಂದಲೇ ಹೇಳುತ್ತಿರುವೆಯಲ್ಲವೇ ಎಂಬ ಧಾಟಿಯಲ್ಲಿ ಅವನನ್ನೇ ಹಿಡಿದು ಕೇಳುತ್ತಾಳೆ. ದುಃಖವು ಜ್ಞಾನದೆದುರಿಗೆ ಸುಲಭವಾಗಿ ಸೋಲದಿರುವುದೇ ಆ ಭಾಗದ ಜೀವಾಳ. ಆ ಪ್ರತಿರೋಧವು ಯಾವೊಂದು ವಚನದಲ್ಲಿಯೂ ಇಲ್ಲ. ಎರಡು ವಚನಗಳ ನಡುವಣ ತೆರವಿನಲ್ಲಿದೆ. ಆ ತೆರವನ್ನು ಕಂಡವರು ಸಂಪಾದಕರು. ಇದನ್ನು ರಚನೆಯೆನ್ನದೆ ಮತ್ತೇನೆನ್ನಬೇಕು?

ಆಯ್ದಕ್ಕಿ ಮಾರಯ್ಯನ ಪ್ರಸಂಗವೂ ಹಾಗೆಯೇ. ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಗಂಡನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದರೆ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದುಬರುವಂತೆ ಹೇಳುತ್ತಾಳೆ. ನುಲಿಯ ಚಂದಯ್ಯನ ಪ್ರಸಂಗದಲ್ಲಿ, ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗವೇ ಜಾರಿಬಿದ್ದರೂ ಅವನು ಕಾಯಕವನ್ನು ಬಿಟ್ಟು ಹಿಂದಿರುಗಿ ನೋಡುವುದಿಲ್ಲ. ಉಪನ್ಯಾಸವಾಗಬಹುದಾಗಿದ್ದ ಕಾಯಕತತ್ತ್ವವು ಇಲ್ಲಿ ಮನೆಯ ಮಾತಾಗಿ, ಗಂಡಹೆಂಡಿರ ನಡುವಣ ವಾದವಾಗಿ ನಿಂತಿದೆ.

ದೋಷಗಳನ್ನು ಮುಚ್ಚುವುದು ವಿಮರ್ಶೆಯ ಧರ್ಮವಲ್ಲ. ಎದುರಾಳಿ ಯಾರೇ ಬರಲಿ, ಗೋರಕ್ಷನೇ ಬರಲಿ, ಸಿದ್ಧರಾಮನೇ ಬರಲಿ, ಗೆಲುವು ಅಲ್ಲಮನದೇ ಎಂಬುದು ಓದುಗನಿಗೆ ಮೊದಲೇ ತಿಳಿದಿರುತ್ತದೆ. ಆದಕಾರಣ ಕೆಲವೆಡೆ ಸಂವಾದವು ಪರೀಕ್ಷೆಯಾಗಿ, ಪರೀಕ್ಷೆಯು ಪಾಠವಾಗಿ ಸಪ್ಪೆಯಾಗುವುದು. ಷಟ್‌ಸ್ಥಲದ ಕ್ರಮಕ್ಕೆ ಒಗ್ಗಿಸುವ ಆತುರದಲ್ಲಿ ವಚನಗಳ ಮೂಲ ಸಂದರ್ಭವು ಮರೆಯಾಗಿರುವುದೂ ಉಂಟು. ಶೂನ್ಯಸಂಪಾದನೆಯನ್ನು ಹನ್ನೆರಡನೆಯ ಶತಮಾನದ ವರದಿಯೆಂದು ಓದುವವರು ಇದರಿಂದ ದಾರಿತಪ್ಪುವರು. ಅದನ್ನು ನಾಟಕವೆಂದು ಓದುವವರಿಗೆ ಮಾತ್ರ ಅದರ ನಿಜವಾದ ಬೆಲೆ ತಿಳಿಯುವುದು.

ಗೂಳೂರಿನ ಮಗ್ಗುಲಲ್ಲಿಯೇ ಕೈದಾಳವಿದೆ. ಅಲ್ಲಿಯ ಚೆನ್ನಕೇಶವ ದೇವಾಲಯವನ್ನು ನೋಡಲು ಹೋದವರಿಗೆಲ್ಲ ಜನರು ಜಕಣಾಚಾರಿಯ ಕಥೆಯನ್ನು ಹೇಳುವರು. ಶಾಸನವು ಹೇಳುವ ಸಂಗತಿಯಾದರೋ ಬೇರೆ: ಹೊಯ್ಸಳ ನರಸಿಂಹನ ಕಾಲದಲ್ಲಿ, ಸುಮಾರು 1150ರಲ್ಲಿ, ಗೂಳೆಯ ಬಾಚಿಯೆಂಬ ಸಾಮಂತನು ಶಿವನಿಗೂ ವಿಷ್ಣುವಿಗೂ ಜಿನನಿಗೂ ಗುಡಿಗಳನ್ನು ಕಟ್ಟಿಸಿದನು. ಹಲವು ಮತಗಳವರಿಗಾಗಿ ಹಲವು ಕೈಗಳು ಮಾಡಿದ ಕೆಲಸವನ್ನು ಒಬ್ಬನೇ ಮಹಾಶಿಲ್ಪಿಯ ಕೈಗೆ ಒಪ್ಪಿಸಿದರೆ ಜನಮನಕ್ಕೆ ಸಮಾಧಾನ. ಕಥೆ ಸೊಗಸಾಗಿದೆ, ಅದನ್ನು ಬಿಡಬೇಕಾದುದಿಲ್ಲ. ಆದರೆ ಪಂಡಿತರೂ ಕೂಡ, ಒಬ್ಬನೇ ಕರ್ತನಿಲ್ಲದ ಕೃತಿಯು ಕೃತಿಯೇ ಅಲ್ಲವೆಂದರೆ ಜಕಣಾಚಾರಿಯ ಕಥೆ ಹೇಳುವವರಿಗಿಂತ ಅವರು ಹೆಚ್ಚೇನೂ ವಿಚಾರಮಾಡಿದಂತಾಗಲಿಲ್ಲ.

ಇನ್ನು ಗುಬ್ಬಿಯ ವಿಷಯ. ಈ ಊರಿನ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತಪುರಾಣವನ್ನೂ ರಚಿಸಿದನು. ಮೊದಲನೆಯದು ಪಂಚಾಕ್ಷರಿಯ ಮಹಿಮೆಯನ್ನು ಸಾರಲು ಚೋಳರಾಜನೊಬ್ಬನ ಕಥೆಯನ್ನು ಹೇಳುವ ಗ್ರಂಥ; ಅದರ ಮೂಲ ತಮಿಳಿನಲ್ಲಿದ್ದುದು. ಎರಡನೆಯದು ಶಿವಲೀಲೆಗಳನ್ನೂ ಶರಣರ ಕಥೆಗಳನ್ನೂ ಒಟ್ಟುಗೂಡಿಸಿದ ಭಂಡಾರ. ಹೊರಗಿನಿಂದ ತಂದು ಕನ್ನಡದ ಕಣಜವನ್ನು ತುಂಬುವುದರಲ್ಲಿ ಗುಬ್ಬಿಯವರಿಗೆ ಅಂದಿನಿಂದಲೂ ಸಂಕೋಚವಿರಲಿಲ್ಲ. ಅದು ಸಂತೆಯ ಊರು. ಸಂತೆಗೆ ಸರಕು ನಾಲ್ಕು ದಿಕ್ಕಿನಿಂದಲೂ ಬರಬೇಕಷ್ಟೆ. 1839ರಲ್ಲಿ ಭಾರತಕ್ಕೆ ಬಂದು ಗುಬ್ಬಿಯಲ್ಲಿ ನೆಲಸಿದ್ದ ವೆಸ್ಲಿಯನ್ ಪಾದ್ರಿ ವಿಲಿಯಂ ಆರ್ಥರ್ ಅಲ್ಲಿಯ ಜನಜೀವನವನ್ನು 1847ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಪರದೇಶದಿಂದ ಬಂದವನು ಕನ್ನಡ ಕಲಿತು ಮಾತಿಗೆ ನಿಂತದ್ದೂ ಈ ಊರಿನಲ್ಲಿಯೇ.

ಇಂತಹ ಊರಿನಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಹುಟ್ಟಿತು. ಹೆಸರನ್ನು ಗಮನಿಸಬೇಕು. ಗುಬ್ಬಿಯ ಆರಾಧ್ಯರಾದ ಗೋಸಲ ಚನ್ನಬಸವೇಶ್ವರರು, ಪರಂಪರೆ ಹೇಳುವಂತೆ, ತೋಂಟದ ಸಿದ್ಧಲಿಂಗರಿಗೆ ಗುರುಗಳು. ಎಡೆಯೂರಿನ ಸಮಾಧಿ, ಗೂಳೂರಿನ ಗ್ರಂಥ, ಗುಬ್ಬಿಯ ಡೇರೆ ಇವು ಮೂರೂ ಒಂದೇ ಗುರುಮನೆಯ ನೆನಪಿನಲ್ಲಿ ನಿಂತಿರುವುದು ಬರಿಯ ಆಕಸ್ಮಿಕವೆಂದುಕೊಂಡರೂ, ಅರ್ಥವತ್ತಾದ ಆಕಸ್ಮಿಕ. ಬಾಲ್ಯದಲ್ಲಿಯೇ ಈ ಸಂಘವನ್ನು ಸೇರಿದ ವೀರಣ್ಣನವರು ಹಾಸ್ಯಪಾತ್ರಗಳಿಂದ ಹೆಸರು ಪಡೆದು, ತರುವಾಯ ಸಂಘದ ಒಡೆತನವನ್ನೇ ವಹಿಸಿ, 1972ರಲ್ಲಿ ತೀರಿಕೊಳ್ಳುವವರೆಗೂ ಕನ್ನಡ ರಂಗಭೂಮಿಗೆ ಪರ್ಯಾಯನಾಮವಾಗಿದ್ದರು.

ತುಮಕೂರಿಗೆ ಸಮೀಪದ ಬೆಳ್ಳಾವಿಯ ನರಹರಿಶಾಸ್ತ್ರಿಗಳು ಈ ಸಂಘಕ್ಕೆ ಕೃಷ್ಣಲೀಲೆಯೇ ಮೊದಲಾದ ನಾಟಕಗಳನ್ನು ಬರೆದುಕೊಟ್ಟರು. 1934ರಲ್ಲಿ ತೆರೆಕಂಡ ಸತಿ ಸುಲೋಚನ ವಾಕ್ಚಿತ್ರಕ್ಕೆ ಮಾತು ಹಾಡುಗಳನ್ನು ಬರೆದವರೂ ಅವರೇ. ಅದೇ ವರ್ಷ ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು ಸಂಘವು ಆನೆ ಕುದುರೆಗಳ ಸಮೇತ ರಂಗಕ್ಕೆ ತಂದಿತು. ಈ ನಾಟಕಗಳ ಮೇಲಣ ಆಕ್ಷೇಪಣೆ ಎಲ್ಲರೂ ಬಲ್ಲದ್ದೇ: ಕಥೆ ಪುರಾಣದ್ದು, ಮಟ್ಟು ಪಾರ್ಸಿ ರಂಗದ್ದು, ತಂತ್ರ ಎರವಿನದು, ಆದುದರಿಂದ ಇವು ಸಾಹಿತ್ಯವಲ್ಲ. ಇದೇ ತರ್ಕವನ್ನು ಹಿಡಿದರೆ, ವಚನಗಳು ಶರಣರವು, ತತ್ತ್ವ ಷಟ್‌ಸ್ಥಲದ್ದು, ಮಾದರಿ ಹಿಂದಿನ ಮೂವರದು. ಆದುದರಿಂದ ಗೂಳೂರಿನ ಶೂನ್ಯಸಂಪಾದನೆಯೂ ಸಾಹಿತ್ಯವಲ್ಲವೆಂದು ಹೇಳಬೇಕಾಗುವುದು. ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ಎರವಲು ತಂದುದನ್ನು ಕೂಡಿಸಿದಾಗ ಮೊದಲಿರದಿದ್ದುದೇನಾದರೂ ಹುಟ್ಟಿತೆ? ಹುಟ್ಟಿತೆಂದೇ ಒಪ್ಪಬೇಕು. ಕಂಪೆನಿ ನಾಟಕದಲ್ಲಿ ಅರಸು ಗ್ರಂಥಸ್ಥ ಭಾಷೆಯನ್ನಾಡುವನು. ಹಾಸ್ಯಗಾರನು ಬೀದಿಯ ಕನ್ನಡವನ್ನಾಡುವನು. ಎರಡೂ ಒಂದೇ ರಾತ್ರಿ, ಒಂದೇ ದೀಪದ ಬೆಳಕಿನಲ್ಲಿ ಎದುರಾದವು. ಅಕ್ಷರ ಕಲಿಯದವನು ಪಂಡಿತನ ಮಾತನ್ನು ಕಿವಿಯಾರೆ ಕೇಳಿದನು. ಪಂಡಿತನು ಒಕ್ಕಲಿಗನ ಮಾತಿಗೆ ನಕ್ಕು, ನಗುತ್ತಲೇ ಅದರ ಕಸುವನ್ನರಿತನು. ಎಷ್ಟು ಪಾಠಶಾಲೆಗಳು ಇಂತಹ ಕೆಲಸ ಮಾಡಿಯಾವು?

ರಂಗದ ದೋಷಗಳೂ ಸಣ್ಣವಲ್ಲ. ಆನೆಯೇ ರಂಗವೇರಿದ ಮೇಲೆ ಕರ್ಣನ ಒಳಗುದಿಯನ್ನು ಕೇಳುವ ವ್ಯವಧಾನ ಯಾರಿಗಿದ್ದೀತು? ಕಣ್ಣಿಗೆ ಹಬ್ಬವಾದಷ್ಟೂ ಮಾತು ಬಡವಾಗುವ ಅಪಾಯವಿತ್ತು; ನಟನ ಕಂಠವನ್ನು ಮೆಚ್ಚಿ ಮತ್ತೊಮ್ಮೆ ಹಾಡೆಂದು ಕೂಗುವ ಪ್ರೇಕ್ಷಕರು ಸನ್ನಿವೇಶದ ಬಿಗಿಯನ್ನು ತಾವೇ ಸಡಿಲಿಸುತ್ತಿದ್ದರು. ಶೂನ್ಯಸಂಪಾದನೆ ತತ್ತ್ವದ ಭಾರಕ್ಕೆ ಬಾಗಿದರೆ, ಕಂಪೆನಿ ನಾಟಕವು ಟಿಕೆಟ್ಟಿನ ಭಾರಕ್ಕೆ ಬಾಗಿತು. ಮಠಕ್ಕೆ ಸಿದ್ಧಾಂತ, ಡೇರೆಗೆ ಗಲ್ಲಾಪೆಟ್ಟಿಗೆ: ಆಸ್ಥಾನವಿಲ್ಲದ ಸಾಹಿತ್ಯಕ್ಕೂ ಒಡೆಯರು ಇದ್ದೇ ಇರುತ್ತಾರೆ.

ಆದರೆ ಇವೆರಡರ ನಡುವೆ ಒಂದು ಭೇದವಿದೆ. ಅದೇ ಚಿಂತೆಗೆ ಕಾರಣವಾದುದು. ನಾಲ್ಕು ಶೂನ್ಯಸಂಪಾದನೆಗಳೂ ಓಲೆಗರಿಯಲ್ಲಿ ಉಳಿದುವು. ಒಂದನ್ನೊಂದರೊಡನೆ ಹೋಲಿಸಿ, ಯಾವ ವಚನವನ್ನು ಯಾರು ಎಲ್ಲಿಗೆ ಸರಿಸಿದರೆಂದು ತಿಳಿಯುವುದು ಸಾಧ್ಯವಾಯಿತು. ಕಂಪೆನಿ ನಾಟಕದ ನಿಜವಾದ ಪಾಠವಾದರೋ ಅಚ್ಚಿನ ಪುಸ್ತಕದಲ್ಲಿರುವುದಕ್ಕಿಂತ ನಟರ ಕೈಬರಹದ ಪುಸ್ತಕಗಳಲ್ಲಿಯೂ, ಹಾರ್ಮೋನಿಯಂ ಬಾರಿಸುವವರ ನೆನಪಿನಲ್ಲಿಯೂ, ಒಂದೊಂದು ಊರಿನಲ್ಲಿ ಹೊಸದಾಗಿ ಸೇರಿದ ಹಾಸ್ಯದಲ್ಲಿಯೂ ಇದ್ದಿತು. ಓಲೆಗರಿಗೆ ಪೂಜೆಯಾಯಿತು, ನಟನ ಪುಸ್ತಕವು ತಗಡಿನ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಆಹಾರವಾಗುವ ವಸ್ತುವೆಂದು ತೋರಿತು. ಬೆಲೆಯಿಲ್ಲವೆಂದು ಉಳಿಸದೆ ಹೋದುದನ್ನು, ಉಳಿಯಲಿಲ್ಲವಾದುದರಿಂದ ಬೆಲೆಯಿಲ್ಲವೆಂದು ತೀರ್ಮಾನಿಸುವುದು ನ್ಯಾಯವಲ್ಲ.

ತುಮಕೂರು ನಗರದಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವು ನಿಂತಿದೆ. ಅದು ಯೋಗ್ಯವಾದ ಗೌರವವೇ ಸರಿ. 2004ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೂ ಅದೇ ನಗರದಲ್ಲಿದೆ. ಆದರೆ ಕಟ್ಟಡಕ್ಕೆ ಹೆಸರಿಟ್ಟ ಮಾತ್ರಕ್ಕೆ ಕಲೆಯ ಋಣ ತೀರುವುದಿಲ್ಲ. ಹಳಕಟ್ಟಿಯವರು ಮನೆಮನೆ ಅಲೆದು ವಚನಗಳ ಓಲೆಗಳನ್ನು ಕೂಡಿಸಿದಂತೆ, ಈ ಸೀಮೆಯ ಮನೆಗಳ ಅಟ್ಟದ ಮೇಲೆ ಉಳಿದಿರಬಹುದಾದ ನಾಟಕದ ಹಸ್ತಪ್ರತಿಗಳನ್ನೂ, ಡೇರೆಯ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನೂ, ಕರಪತ್ರಗಳನ್ನೂ ಕೂಡಿಸಿ, ಪಾಠಾಂತರಗಳೊಡನೆ ಅಣಿಗೊಳಿಸುವವರು ಬೇಕು. ಆ ಕೆಲಸಕ್ಕೆ ಪ್ರತಿಭೆಗಿಂತ ಹೆಚ್ಚಾಗಿ ತಾಳ್ಮೆ ಬೇಕು; ತನ್ನ ಮಾತನ್ನು ಹಿಂದಿಟ್ಟು ಇತರರ ಮಾತನ್ನು ಮುಂದಿಡುವ ವಿನಯ ಬೇಕು. ಆ ವಿನಯವನ್ನು ಕಲಿಯುವುದಕ್ಕೆ ದೂರ ಹೋಗಬೇಕಾದುದಿಲ್ಲ. ಗೂಳೂರಿನ ಒಡೆಯರು ಅದನ್ನು ಐದು ಶತಮಾನಗಳ ಹಿಂದೆಯೇ ಮಾಡಿ ತೋರಿಸಿದ್ದಾರೆ.