ಪಾಸಿಂಗ್ ಪ್ಯಾಕೇಜ್ ಕಲಿಸುವುದೇನು?

ಜನವರಿ ಬಂತೆಂದರೆ ನಮ್ಮ ಎಷ್ಟೋ ಪ್ರೌಢಶಾಲೆಗಳ ಹತ್ತನೇ ತರಗತಿಯಲ್ಲಿ ಪಠ್ಯಪುಸ್ತಕ ಚೀಲ ಸೇರುತ್ತದೆ, ‘ಪಾಸಿಂಗ್ ಪ್ಯಾಕೇಜ್’ ಹೊರಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನೂ ನೀಲನಕ್ಷೆಯನ್ನೂ ಮುಂದಿಟ್ಟುಕೊಂಡು, ಯಾವ ಪ್ರಶ್ನೆ ತಪ್ಪದೆ ಬರುತ್ತದೆ, ಯಾವುದನ್ನು ಕಲಿತರೆ ಪಾಸಿನ ಗಡಿ ದಾಟಬಹುದು ಎಂದು ಅನುಭವಿ ಶಿಕ್ಷಕರು ಲೆಕ್ಕ ಹಾಕಿ ಮಾಡುವ ಕಿರುಹೊತ್ತಿಗೆ ಅದು. 80 ಅಂಕದ ಗಣಿತ ಪತ್ರಿಕೆಗೆ ಥೇಲ್ಸ್ ಪ್ರಮೇಯ, ನಕ್ಷೆ ಎಳೆದು ಸಮೀಕರಣ ಬಿಡಿಸುವುದು, ಸರಾಸರಿ, ಬಹುಲಕ. 100 ಅಂಕದ ಪ್ರಥಮ ಭಾಷೆ ಕನ್ನಡಕ್ಕೆ ಕವಿಪರಿಚಯ, ಗಾದೆ, ಪತ್ರಲೇಖನ, ಸಂದರ್ಭ. ಇದನ್ನು ಸುಮ್ಮನೆ ಜರೆಯಲು ನನಗೆ ಮನಸ್ಸಿಲ್ಲ. ಹತ್ತನೇ ತರಗತಿ ಫೇಲಾದರೆ ಹುಡುಗಿಯ ಓದು ಅಲ್ಲಿಗೇ ನಿಂತು ಮದುವೆಯ ಮಾತು ಶುರುವಾಗುವ ಮನೆಗಳು ಇನ್ನೂ ಇವೆ. ಅಂಥವಳ ಪಾಲಿಗೆ ನಾಲ್ಕು ಅಂಕ ಎಂದರೆ ಮುಂದಿನ ಬದುಕು.

ಆದರೂ ಈ ತಂತ್ರಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಲಾಗದು. ಗೊತ್ತಿರುವುದನ್ನು ಪೂರ್ತಿಯಾಗಿ ತೋರಿಸಲು ನೆರವಾಗುವ ತಂತ್ರಗಳು ಕೆಲವು. ಗೊತ್ತಿಲ್ಲದಿರುವುದನ್ನು ಮುಚ್ಚಿಡುವ ತಂತ್ರಗಳು ಇನ್ನು ಕೆಲವು. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ನಾವು ಹೆಚ್ಚಾಗಿ ಕೊಡುತ್ತಿರುವುದು ಎರಡನೆಯದನ್ನೇ.

ಥೇಲ್ಸ್ ಪ್ರಮೇಯವನ್ನೇ ನೋಡಿ. ಎಬಿಸಿ ತ್ರಿಭುಜ, ಒಳಗೆ ಡಿಇ ರೇಖೆ ಎಂದು ಸಾಧನೆಯನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿದ ಹುಡುಗನಿಗೆ ಆ ಪ್ರಶ್ನೆ ಹಾಗೆಯೇ ಬಂದರೆ ಪೂರ್ಣ ಅಂಕ. ಅದೇ ಚಿತ್ರವನ್ನು ಪಿಕ್ಯೂಆರ್ ಎಂದು ಹೆಸರಿಸಿ, ಮೂರು ಭಾಗಗಳ ಉದ್ದ ಕೊಟ್ಟು ನಾಲ್ಕನೆಯದನ್ನು ಕೇಳಿದರೆ ಪೆನ್ನು ನಿಂತುಬಿಡುತ್ತದೆ. ಸಮಾಂತರ ರೇಖೆ ಎರಡು ಬಾಹುಗಳನ್ನೂ ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬ ವಿಷಯ ಅವನ ತಲೆಗೆ ಹೋಗಿಯೇ ಇರಲಿಲ್ಲ. ಹೋಗಿದ್ದು ಅಕ್ಷರಗಳ ಕ್ರಮ ಮಾತ್ರ.

ಈ ಅಭ್ಯಾಸದ ಬೇರು ಇನ್ನೂ ಕೆಳಗಿದೆ. ಪ್ರಾಥಮಿಕ ಶಾಲೆಯಲ್ಲೇ ಮಕ್ಕಳಿಗೆ ‘ಒಟ್ಟು, ಹೆಚ್ಚು ಅಂತ ಇದ್ದರೆ ಕೂಡು, ಉಳಿದದ್ದು, ಕಡಿಮೆ ಅಂತ ಇದ್ದರೆ ಕಳೆ’ ಎಂದು ಹೇಳಿಕೊಡುತ್ತೇವೆ. ‘ರವಿಯ ಹತ್ತಿರ 12 ಗೋಲಿಗಳಿವೆ. ಅವು ಸಲ್ಮಾಳ ಗೋಲಿಗಳಿಗಿಂತ 5 ಹೆಚ್ಚು. ಸಲ್ಮಾಳ ಹತ್ತಿರ ಎಷ್ಟಿವೆ?’ ಎಂದು ಕೇಳಿ ನೋಡಿ. ಕೀಲಿಪದ ಹುಡುಕಲು ಕಲಿತ ಮಗು ‘ಹೆಚ್ಚು’ ಕಂಡ ಕೂಡಲೇ 17 ಎನ್ನುತ್ತದೆ. ಉತ್ತರ 7. ಯಾರ ಹತ್ತಿರ ಹೆಚ್ಚಿದೆ ಎಂದು ಮನಸ್ಸಿನಲ್ಲಿ ಚಿತ್ರ ಮಾಡಿಕೊಂಡ ಮಗುವಿಗೆ ಈ ಲೆಕ್ಕ ಕಷ್ಟವೇ ಅಲ್ಲ. ಗಣಿತ ಬಾರದ ಮಗು ಎಂದು ನಾವು ಹಣೆಪಟ್ಟಿ ಹಚ್ಚಿದವರಲ್ಲಿ ಹಲವರಿಗೆ ಬಾರದಿರುವುದು ವಾಕ್ಯವನ್ನು ಓದುವುದು.

ಕನ್ನಡ ಪತ್ರಿಕೆಯಲ್ಲೂ ಕಥೆ ಇದೇ. ಅಪಠಿತ ಗದ್ಯಭಾಗಕ್ಕೆ ‘ಮೊದಲು ಪ್ರಶ್ನೆ ಓದಿ, ಆ ಪದವಿರುವ ಸಾಲು ಹುಡುಕಿ ಬರೆಯಿರಿ’ ಎಂಬುದು ಹೆಸರುವಾಸಿಯಾದ ಉಪಾಯ. ಊರ ಕೆರೆಯ ಕುರಿತ ಒಂದು ಗದ್ಯಭಾಗವಿದೆ ಎಂದುಕೊಳ್ಳೋಣ. ‘ಮನೆಮನೆಗೆ ಕೊಳವೆಬಾವಿ ಬಂತು. ಹೀಗಾಗಿ ಹೂಳೆತ್ತುವ ಕೆಲಸ ನಿಂತಿತು.’ ಹೂಳೆತ್ತುವುದು ಏಕೆ ನಿಂತಿತು ಎಂಬ ಪ್ರಶ್ನೆಗೆ ಮಕ್ಕಳು ಎರಡನೆಯ ವಾಕ್ಯವನ್ನು ‘ಹೀಗಾಗಿ’ಯ ಸಮೇತ ನಕಲು ಮಾಡುತ್ತಾರೆ. ಕಾರಣ ಹಿಂದಿನ ವಾಕ್ಯದಲ್ಲಿದೆ. ಪ್ರಶ್ನೆಯನ್ನು ಮೊದಲು ಓದುವುದು ತಪ್ಪಲ್ಲ, ಏನನ್ನು ಗಮನಿಸಬೇಕೆಂದು ಅದು ಹೇಳಿಕೊಡುತ್ತದೆ. ಆಮೇಲೆ ಗದ್ಯವನ್ನು ಇಡಿಯಾಗಿ ಓದದೆ ಬಿಡುವುದು ತಪ್ಪು.

ಸಂದರ್ಭ ಸಹಿತ ಸ್ವಾರಸ್ಯ ಬರೆಯುವ ಪ್ರಶ್ನೆಗೆ ಆದ ಅನ್ಯಾಯ ನನಗೆ ಎಲ್ಲಕ್ಕಿಂತ ನೋವು ತರುತ್ತದೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಅದಕ್ಕೆ ಮೂರು ಭಾಗ. ಮೊದಲನೆಯದಕ್ಕೆ ‘ಈ ವಾಕ್ಯವನ್ನು ಇಂಥವರು ಬರೆದ ಇಂಥ ಪಾಠದಿಂದ ಆರಿಸಲಾಗಿದೆ’ ಎಂಬ ಅಚ್ಚು ಸಾಕು. ಆದರೆ ಸ್ವಾರಸ್ಯಕ್ಕೂ ‘ಇಲ್ಲಿ ಕವಿಯು ಬಹಳ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ’ ಎಂಬ ಅಚ್ಚನ್ನೇ ಒತ್ತಿಸುತ್ತಿದ್ದೇವೆ. ಮಗು ತನಗೆ ಹೊಳೆದದ್ದನ್ನು ಹೇಳಬಹುದಾಗಿದ್ದ ಜಾಗ ಅದೊಂದೇ, ಅದನ್ನೂ ಮುಚ್ಚಿದ್ದೇವೆ.

ಒಳ್ಳೆಯ ತಂತ್ರಗಳು ಸರಳವಾಗಿವೆ, ಅದಕ್ಕೇ ಅವಕ್ಕೆ ಬೆಲೆಯಿಲ್ಲ. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ; ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಕಲಿಸುವ ಶಾಲೆಗಳು ವಿರಳ. ಖಚಿತವಾಗಿ ಬರುವುದನ್ನು ಗುರುತಿಸುವುದು, ಕೇಳಿದ್ದು ‘ಪಟ್ಟಿ ಮಾಡಿ’ ಎಂದೋ ‘ಕಾರಣ ಕೊಡಿ’ ಎಂದೋ ನೋಡಿಕೊಳ್ಳುವುದು, ದೊಡ್ಡ ಉತ್ತರಕ್ಕೆ ಸಮಯ ಎತ್ತಿಡುವುದು, ಇಷ್ಟಕ್ಕೆ ಅಭ್ಯಾಸ ಬೇಕು. ಗಣಿತದ ಮೌಲ್ಯಮಾಪನದಲ್ಲಿ ಹಂತ ಹಂತಕ್ಕೆ ಅಂಕವಿದೆ, ಆದ್ದರಿಂದ ಸೂತ್ರ ಬರೆದು ಬೆಲೆ ಆದೇಶಿಸುವವರೆಗೆ ಹೋದರೂ ಶ್ರಮ ವ್ಯರ್ಥವಾಗುವುದಿಲ್ಲ. ಸಮೀಕರಣ ಬಿಡಿಸಿದ ಮೇಲೆ ಬಂದ ಬೆಲೆಯನ್ನು ಮೂಲಕ್ಕೆ ಹಾಕಿ ತಾಳೆ ನೋಡಲು ಅರ್ಧ ನಿಮಿಷ ಸಾಕು. ಇವೆಲ್ಲ ಪರೀಕ್ಷೆಯ ತಂತ್ರವೂ ಹೌದು, ಗಣಿತವೂ ಹೌದು.

ಹಳೆಯ ಪತ್ರಿಕೆ ಬಿಡಿಸುವುದರಲ್ಲೂ ಸತ್ವವಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಉತ್ತರ ನೋಡಿಕೊಂಡು ಪತ್ರಿಕೆಯನ್ನು ನಕಲು ಮಾಡಿಸುವ ಶಿಕ್ಷಕರು ಈ ಲಾಭವನ್ನು ಕೈಯಾರೆ ಕಳೆಯುತ್ತಿದ್ದಾರೆ.

ಮುಚ್ಚಿಡುವ ತಂತ್ರಗಳ ಮಿತಿ ಫಲಿತಾಂಶದಲ್ಲೂ ಕಾಣುತ್ತದೆ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89 ಇತ್ತು. ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರ ಮೊದಲ ಪರೀಕ್ಷೆಯಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಅದು ಶೇ. 73.40ಕ್ಕೆ ಇಳಿಯಿತು. ಆ ವರ್ಷವೂ ಪ್ಯಾಕೇಜ್‌ಗಳಿಗೆ ಕೊರತೆಯಿರಲಿಲ್ಲ.

ಕೊನೆಯ ತಿಂಗಳ ಆಪತ್ಕಾಲಕ್ಕೆ ಪ್ಯಾಕೇಜ್ ಇರಲಿ, ನನ್ನ ತಕರಾರಿಲ್ಲ. ಅದನ್ನು ಜೂನ್‌ನಲ್ಲೇ ಕೈಗೆ ಕೊಟ್ಟು, ‘ನಿನಗೆ ಇಷ್ಟು ಸಾಕು’ ಎಂದು ಮಗುವಿಗೆ ಗೆರೆ ಎಳೆಯುವುದನ್ನು ಒಪ್ಪಲಾರೆ. ಶಿಕ್ಷಕರಲ್ಲಿ ಒಂದು ಕೋರಿಕೆ: ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅಂಕ ಹಾಕಿ ಕಟ್ಟಿಡಬೇಡಿ. ಮಕ್ಕಳ ಕೈಗೆ ಮರಳಿಸಿ, ತಪ್ಪಾದ ಲೆಕ್ಕವನ್ನು ಅವರಿಂದಲೇ ಮತ್ತೊಮ್ಮೆ ಮಾಡಿಸಿ, ಎಲ್ಲಿ ತಪ್ಪಿತೆಂದು ಅವರ ಬಾಯಲ್ಲೇ ಹೇಳಿಸಿ.