ಅಬಿಸೀನಿಯನ್: ಕೂದಲೆಳೆಯಲ್ಲಿ ಅಡಗಿದ ಚೆಲುವು

ಬೆಕ್ಕಿನ ಚೆಲುವನ್ನು ದೂರದಿಂದ ನೋಡಿ ಅಳೆಯುವವರಿಗೆ ಅಬಿಸೀನಿಯನ್ ತಳಿ ಅಷ್ಟಾಗಿ ಹಿಡಿಸುವುದಿಲ್ಲ. ಪರ್ಷಿಯನ್ನಿಗಿರುವ ರೋಮದ ರಾಶಿ ಇದಕ್ಕಿಲ್ಲ. ಸಯಾಮೀಸಿನ ಕಪ್ಪು ಮೊಗವಿಲ್ಲ, ಬೆಂಗಾಲ್ ಬೆಕ್ಕಿನ ಚುಕ್ಕೆಗಳೂ ಇಲ್ಲ. ಕಂದು ಮೈಯ ಸಾದಾ ಬೆಕ್ಕು ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಅದನ್ನು ಬಿಸಿಲಿಗೆ ಬರಲು ಬಿಟ್ಟು, ಹತ್ತಿರ ಕೂತು, ಬೆನ್ನ ಮೇಲಿನ ಕೂದಲನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಬೇಕು. ಈ ತಳಿಯ ಸೌಂದರ್ಯವೆಲ್ಲ ಇರುವುದು ಒಂದೊಂದು ಎಳೆಯಲ್ಲಿ.

ಬುಡದಲ್ಲಿ ತಿಳಿ ಕಿತ್ತಳೆ, ಅದರ ಮೇಲೊಂದು ಕಪ್ಪು ಪಟ್ಟಿ, ಮತ್ತೆ ತಿಳಿ ಬಣ್ಣ, ತುದಿಯಲ್ಲಿ ಮತ್ತೆ ಕಪ್ಪು. ಒಂದೇ ಕೂದಲಿನಲ್ಲಿ ಹೀಗೆ ಎರಡು ಮೂರು ಗಾಢ ಪಟ್ಟಿಗಳು. ಬೆಕ್ಕು ನಡೆದಾಗ ಚರ್ಮದ ಮೇಲೆ ಈ ಪಟ್ಟಿಗಳು ಸರಿದಾಡಿ, ಮೈಯೊಳಗಿನಿಂದಲೇ ಬೆಳಕು ಬರುತ್ತಿದೆಯೇನೋ ಅನ್ನಿಸುತ್ತದೆ. ಕೂದಲು ಬೆಳೆಯುವಾಗ ವರ್ಣಕೋಶಗಳು ಕಪ್ಪನ್ನೂ ಹಳದಿ-ಕೆಂಪನ್ನೂ ಸರದಿಯಲ್ಲಿ ಸುರಿಯುವುದರಿಂದ ಆಗುವ ಕೆಲಸವಿದು. ಇಂಥ ಪಟ್ಟಿಯ ಕೂದಲು ನಮ್ಮ ಬೀದಿಯ ಪಟ್ಟೆ ಬೆಕ್ಕಿಗೂ ಇದೆ. ಆದರೆ ಅದರ ಮೈಯಲ್ಲಿ ನಡುನಡುವೆ ಕಪ್ಪು ಪಟ್ಟೆಗಳೂ ಮೂಡಿರುತ್ತವೆ. ಅಬಿಸೀನಿಯನ್ನಿನಲ್ಲಿ ಇನ್ನೊಂದು ಗುಣ ಆ ಪಟ್ಟೆಗಳನ್ನು ಅಳಿಸಿಹಾಕುತ್ತದೆ. ಇದರ ಹಿಂದೆ ಡಿಕೆಕೆ4 ಎಂಬ ವಂಶವಾಹಿಯ ಬದಲಾವಣೆ ಇದೆಯೆಂದು 2021ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಉಳಿಯುವುದು ಹಣೆಯ ಮೇಲಿನ ಇಂಗ್ಲಿಷಿನ ‘ಎಂ’ ಅಕ್ಷರದಂಥ ಗುರುತು, ಕಣ್ಣಂಚಿನ ಕಾಡಿಗೆ, ಬಾಲದ ಕಪ್ಪು ತುದಿ.

ಹುಟ್ಟಿದ ಮರಿಯನ್ನು ನೋಡಿ ತೀರ್ಪು ಕೊಡಬಾರದು. ಮರಿಗಳು ಕಪ್ಪಗೆ ಮಸುಕಾಗಿ ಹುಟ್ಟುತ್ತವೆ, ಕೂದಲಿನ ಪಟ್ಟಿಗಳು ತಿಳಿಯಾಗಿ ಕಾಣಿಸಲು ತಿಂಗಳುಗಳೇ ಬೇಕು. ಬೆಳೆದ ಬೆಕ್ಕಿನ ಮುಂಗಾಲಲ್ಲಿ ಪಟ್ಟೆ ಉಳಿದಿದ್ದರೆ, ಬಾಲದಲ್ಲಿ ಉಂಗುರಗಳು ಕಂಡರೆ ಪ್ರದರ್ಶನದ ತೀರ್ಪುಗಾರರು ಅಂಕ ಕಳೆಯುತ್ತಾರೆ. ಕೊರಳ ಸುತ್ತ ಮುರಿಯದ ಹಾರದಂತೆ ಕಪ್ಪು ಗೆರೆ ಇದ್ದರಂತೂ ಸ್ಪರ್ಧೆಯಿಂದಲೇ ಹೊರಗೆ. ಕಟ್ಟುನಿಟ್ಟು ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಅದು ಸರಿಯೆನಿಸುತ್ತದೆ. ಈ ತಳಿಯ ಹೆಗ್ಗಳಿಕೆಯೇ ಪಟ್ಟೆಯಿಲ್ಲದ ಮೈ, ಅಲ್ಲಿ ರಿಯಾಯಿತಿ ಕೊಟ್ಟರೆ ಮತ್ತೇನು ಉಳಿದೀತು?

ಬಣ್ಣಗಳಲ್ಲಿ ಮೂಲದ್ದು ಕೆಂಗಂದು. ದಾಲ್ಚಿನ್ನಿ ಬಣ್ಣ, ನೀಲಿಬೂದು, ತಿಳಿಗಂದು ಆಮೇಲೆ ಮಾನ್ಯವಾದವು. ಮೈಕಟ್ಟು ಮಧ್ಯಮ ಗಾತ್ರದ್ದು: ಹೆಣ್ಣು ಮೂರು ನಾಲ್ಕು ಕಿಲೋ, ಗಂಡು ನಾಲ್ಕರಿಂದ ಐದು. ನೋಡಲು ಸಪೂರ, ಎತ್ತಿಕೊಂಡರೆ ಎಲ್ಲ ಸ್ನಾಯು. ಕಾಲುಗಳು ತೆಳ್ಳಗಿದ್ದು ಪಾದ ಚಿಕ್ಕದಾದ್ದರಿಂದ ತುದಿಗಾಲಲ್ಲಿ ನಿಂತಂತೆ ಕಾಣುತ್ತದೆ. ಬುಡ ಅಗಲವಾದ ದೊಡ್ಡ ಕಿವಿಗಳು ಮುಂದಕ್ಕೆ ಬಾಗಿ ಸದಾ ಏನನ್ನೋ ಆಲಿಸುತ್ತಿರುತ್ತವೆ. ಬಾದಾಮಿಯಾಕಾರದ ಕಣ್ಣುಗಳು ಹೊಂಬಣ್ಣದವು, ಇಲ್ಲವೇ ಹಸಿರು.

ಇನ್ನು ಮೂಲದ ಮಾತು. ಅಬಿಸೀನಿಯ ಎಂದರೆ ಇಂದಿನ ಇಥಿಯೋಪಿಯ. 1867-68ರಲ್ಲಿ ದೊರೆ ತೆವೊದ್ರೋಸನ ಮೇಲೆ ಬ್ರಿಟಿಷರು ದಂಡೆತ್ತಿ ಹೋದರು. ದಂಡನಾಯಕ ರಾಬರ್ಟ್ ನೇಪಿಯರ್ ಮುಂಬಯಿ ಸೇನೆಯ ಮುಖ್ಯಸ್ಥ, ಹಡಗು ಹತ್ತಿದವರಲ್ಲಿ ಹೆಚ್ಚಿನವರು ಭಾರತದ ಸೈನಿಕರು, ಜೊತೆಗೆ 44 ಆನೆಗಳು. ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯೂ ಆ ಯುದ್ಧದಲ್ಲಿತ್ತು. ಅದರ ಯುದ್ಧ ಗೌರವಗಳ ಪಟ್ಟಿಯಲ್ಲಿ ಅಬಿಸೀನಿಯದ ಹೆಸರಿದೆ. ಸೇನೆ ಇಳಿದ ಜಾಗ ಕೆಂಪು ಸಮುದ್ರದ ದಡದ ಝೂಲಾ. ಯುದ್ಧ ಮುಗಿದ ಮೇಲೆ ಅಲ್ಲಿಂದ ಇಂಗ್ಲೆಂಡಿಗೆ ಬಂದ ಒಂದು ಬೆಕ್ಕಿಗೂ ಝೂಲಾ ಎಂದೇ ಹೆಸರಾಯಿತು. ಗಾರ್ಡನ್ ಸ್ಟೇಬಲ್ಸ್ 1874ರಲ್ಲಿ ಬರೆದ ಬೆಕ್ಕುಗಳ ಪುಸ್ತಕದಲ್ಲಿ ಅದರ ಚಿತ್ರವಿದೆ. ಅದಕ್ಕೂ ಮೊದಲೇ, 1871ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಅಬಿಸೀನಿಯನ್ ಬೆಕ್ಕೊಂದು ಮೂರನೆಯ ಬಹುಮಾನ ಪಡೆದಿತ್ತು.

ಝೂಲಾಳ ಚಿತ್ರವನ್ನು ಗಮನವಿಟ್ಟು ನೋಡಿದರೆ ಅನುಮಾನ ಶುರುವಾಗುತ್ತದೆ. ಕಿವಿ ತೀರಾ ಚಿಕ್ಕದು, ಇಂದಿನ ತಳಿಗೂ ಅದಕ್ಕೂ ಹೋಲಿಕೆ ಅಷ್ಟಕ್ಕಷ್ಟೇ. ಝೂಲಾಳಿಂದ ಇಂದಿನ ಬೆಕ್ಕುಗಳವರೆಗೆ ಬರುವ ವಂಶಾವಳಿಯ ದಾಖಲೆಯೂ ಇಲ್ಲ. ಇನ್ನೊಂದು ಬದಿಗೆ, ನೆದರ್‌ಲ್ಯಾಂಡ್ಸಿನ ಲೈಡನ್ ನಗರದ ಪ್ರಾಣಿ ಸಂಗ್ರಹಾಲಯದಲ್ಲಿ ಇದೇ ಮೈಬಣ್ಣದ, ತೊಗಲಿಗೆ ಹೊಟ್ಟು ತುಂಬಿಟ್ಟ ಬೆಕ್ಕೊಂದಿದೆ. 1830ರ ದಶಕದಲ್ಲಿ, ಅಂದರೆ ಯುದ್ಧಕ್ಕೆ ಮೂವತ್ತು ವರ್ಷ ಮೊದಲೇ ಅಲ್ಲಿ ಸೇರಿದ್ದು. ಅದರ ಚೀಟಿಯಲ್ಲಿ ಬರೆದಿರುವ ತಾಯ್ನಾಡು ಭಾರತ! ಈಚಿನ ವಂಶವಾಹಿ ಅಧ್ಯಯನಗಳೂ ಅಬಿಸೀನಿಯನ್ನಿನ ಬೇರನ್ನು ಹಿಂದೂ ಮಹಾಸಾಗರದ ಕರಾವಳಿ ಮತ್ತು ಆಗ್ನೇಯ ಏಷ್ಯಾದ ಕಡೆಗೇ ತೋರಿಸುತ್ತವೆ. ವ್ಯಾಪಾರದ ಹಡಗುಗಳಲ್ಲಿ ಇಲಿ ಹಿಡಿಯಲು ಹತ್ತಿದ ಬೆಕ್ಕುಗಳು ಬಂದರಿನಿಂದ ಬಂದರಿಗೆ ಇಳಿಯುತ್ತ ಹೋದವು ಎಂಬ ವಿವರಣೆ ನನಗೆ ಯುದ್ಧದ ಕತೆಗಿಂತ ಹೆಚ್ಚು ನಂಬಲರ್ಹ ಎನಿಸುತ್ತದೆ. ಈಜಿಪ್ಟಿನ ಬಾಸ್ಟೆಟ್ ದೇವತೆಯ ಕಂಚಿನ ಮೂರ್ತಿಗಳನ್ನು ತೋರಿಸಿ ಫೇರೋಗಳ ಬೆಕ್ಕಿದು ಎಂದು ಮಾರುವವರ ಮಾತನ್ನು ಮಾತ್ರ ಪಕ್ಕಕ್ಕಿಡಿ. ಕೂತ ಭಂಗಿಯ ಹೋಲಿಕೆಯಿಂದ ವಂಶ ಸಾಬೀತಾಗುವುದಿಲ್ಲ.

ಪಟ್ಟೆಯಿಲ್ಲದ ಇಂಥ ಮೈಬಣ್ಣ ದಕ್ಷಿಣ ಭಾರತ, ಶ್ರೀಲಂಕಾಗಳ ಸಾಮಾನ್ಯ ಬೆಕ್ಕುಗಳಲ್ಲಿ ಇಂದಿಗೂ ಉಂಟು. 1984ರಲ್ಲಿ ಇಟಲಿಯ ಪಶುವೈದ್ಯರೊಬ್ಬರು ಶ್ರೀಲಂಕಾದಿಂದ ಇಂಥವೇ ಬೆಕ್ಕುಗಳನ್ನು ಒಯ್ದು ‘ಸಿಲೋನ್’ ಎಂಬ ತಳಿಯನ್ನೇ ಕಟ್ಟಿದರು. ನಮ್ಮ ಕರಾವಳಿಯ ಮೀನು ಬಂದರುಗಳಲ್ಲಿ ಓಡಾಡುವ ಬೆಕ್ಕುಗಳ ಕೂದಲನ್ನೂ ಹೀಗೆ ಸರಿಸಿ ನೋಡುವ ಆಸಕ್ತಿ ನಮ್ಮವರಿಗೆ ಬರಬೇಕು.

ತಳಿ ಇವತ್ತು ಉಳಿದಿರುವುದೇ ದೊಡ್ಡದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಮಾಂಸ ಹಾಲು ಸಿಗದೆ ಬೆಕ್ಕುಗಳು ಬೆರಳೆಣಿಕೆಗೆ ಇಳಿದವು, ಆಮೇಲೆ ಬೆಕ್ಕಿನ ಲ್ಯುಕೇಮಿಯಾ ಮತ್ತಷ್ಟನ್ನು ಬಲಿ ತೆಗೆದುಕೊಂಡಿತು. ಕೆಲವೇ ಬೆಕ್ಕುಗಳಿಂದ ಮತ್ತೆ ಬೆಳೆಸಿದ್ದರಿಂದ ರಕ್ತಸಂಬಂಧ ಬಿಗಿಯಾಯಿತು. 2007ರಲ್ಲಿ ಮೊದಲ ಬಾರಿಗೆ ಬೆಕ್ಕೊಂದರ ಪೂರ್ಣ ವಂಶವಾಹಿ ನಕ್ಷೆಯ ಕರಡು ಹೊರಬಂದಾಗ ಅದಕ್ಕೆ ಆರಿಸಿದ್ದು ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ‘ಸಿನಮನ್’ ಎಂಬ ಅಬಿಸೀನಿಯನ್ನನ್ನು. ಒಳಸಂಬಂಧದಿಂದ ವೈವಿಧ್ಯ ಕಡಿಮೆಯಾದ ಬೆಕ್ಕಿನಲ್ಲಿ ನಕ್ಷೆ ಜೋಡಿಸುವುದು ಸುಲಭ.

ಸ್ವಭಾವದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಇದು ಮಡಿಲಲ್ಲಿ ಮಲಗುವ ಬೆಕ್ಕಲ್ಲ. ಪ್ರೀತಿ ಕಡಿಮೆ ಎಂದಲ್ಲ, ಪ್ರೀತಿ ತೋರಿಸುವ ರೀತಿ ಬೇರೆ. ನೀವು ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ, ಬಟ್ಟೆ ಮಡಿಸಿದರೆ ಬೀರುವಿನ ಮೇಲೆ, ಪತ್ರಿಕೆ ಬಿಡಿಸಿದರೆ ಹೆಗಲ ಮೇಲೆ ಹಾಜರು. ಎತ್ತರ ಎಂದರೆ ಪ್ರಾಣ. ಬಾಗಿಲ ಮೇಲಂಚಿನಲ್ಲಿ, ಅಟ್ಟದ ತುದಿಯಲ್ಲಿ ಕೂತು ಮನೆಯನ್ನು ಕಾವಲು ಕಾಯುವುದು ಇದಕ್ಕೆ ಇಷ್ಟ. ಕಡ್ಡಿ, ದಾರ, ಬಾಟಲಿಯ ಮುಚ್ಚಳ ಏನು ಸಿಕ್ಕರೂ ಆಟ, ಮುಪ್ಪು ಬಂದರೂ ಆಟ ಬಿಡುವುದಿಲ್ಲ. ದನಿ ಮೆತ್ತಗೆ, ಸಯಾಮೀಸಿನ ಕೂಗಾಟ ಇಲ್ಲ. ಬುದ್ಧಿ ಚುರುಕು, ಬಾಗಿಲ ಹಿಡಿಕೆ ತಿರುಗಿಸುವುದನ್ನು ನೋಡಿಯೇ ಕಲಿಯುತ್ತದೆ. ಬೆಳಗಿನಿಂದ ಸಂಜೆವರೆಗೆ ಬೀಗ ಹಾಕಿದ ಫ್ಲ್ಯಾಟಿನಲ್ಲಿ ಒಂಟಿಯಾಗಿ ಬಿಟ್ಟರೆ ಮಾತ್ರ ಇದು ಸೊರಗುತ್ತದೆ. ಅಂಥ ಮನೆಗೆ ಈ ತಳಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಹಾಗಿದ್ದೂ ಬೇಕೇ ಬೇಕೆಂದರೆ ಜೊತೆ ಬೆಳೆದ ಎರಡು ಮರಿಗಳನ್ನು ತನ್ನಿ.

ಕೊಳ್ಳುವವರಿಗೆ ಒಂದು ಮಾತು. ಈ ತಳಿಯಲ್ಲಿ ಕಣ್ಣಿನ ಅಕ್ಷಿಪಟ ನಿಧಾನವಾಗಿ ಸವೆದು ಕುರುಡಾಗುವ ಪಿಆರ್‌ಎ ಮತ್ತು ಕೆಂಪು ರಕ್ತಕಣಗಳು ಒಡೆಯುವ ಪಿಕೆ ಕೊರತೆ ಎಂಬ ಎರಡು ಆನುವಂಶಿಕ ಕಾಯಿಲೆಗಳಿವೆ. ತಂದೆತಾಯಿ ಇಬ್ಬರಲ್ಲೂ ದೋಷವಿದ್ದರೆ ಮಾತ್ರ ಮರಿಗೆ ಕಾಯಿಲೆ ಬರುತ್ತದೆ, ಕೆನ್ನೆಯ ಒಳಗಿನ ಹತ್ತಿಕಡ್ಡಿ ಮಾದರಿಯಿಂದಲೇ ಎರಡನ್ನೂ ಪತ್ತೆ ಮಾಡಬಹುದು. ಮೂತ್ರಪಿಂಡದ ಅಮೈಲಾಯ್ಡೋಸಿಸ್‌ಗೆ ಇಂಥ ಸುಲಭ ಪರೀಕ್ಷೆ ಇಲ್ಲ, ಆದ್ದರಿಂದ ಅಜ್ಜಿ ತಾತಂದಿರು ಎಷ್ಟು ವರ್ಷ ಬದುಕಿದರು, ಯಾವುದರಿಂದ ಸತ್ತರು ಎಂದು ಬಿಡದೆ ಕೇಳಿ. ತಂದೆತಾಯಿಯ ಪರೀಕ್ಷೆಯ ವರದಿ ತೋರಿಸದವರಿಗೆ, ಮರಿ ಎಷ್ಟೇ ಮುದ್ದಾಗಿರಲಿ, ಮುಂಗಡ ಕೊಡಬೇಡಿ.