ಪರವೂರಿನ ರಾಗಕ್ಕೆ ನಮ್ಮೂರಿನ ಮಾತು

ಕ್ರೈಸ್ತ ಆರಾಧನೆಯ ಹಾಡುಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯುವವರು ಕಡಿಮೆ. ಅದು ಚರ್ಚಿನ ಒಳಗಿನ ವಿಷಯ, ಹೊರಗಿನವರು ಬಾಯಿ ಹಾಕಬಾರದು ಎಂಬ ಸಂಕೋಚ ಒಂದು ಕಡೆ. ಭಕ್ತಿಗೀತೆಗೆ ಸಾಹಿತ್ಯದ ಅಳತೆಗೋಲು ಯಾಕೆ ಎಂಬ ಉದಾಸೀನ ಇನ್ನೊಂದು ಕಡೆ. ಆದರೆ ಹಾಡು ಗೋಡೆಯೊಳಗೆ ನಿಲ್ಲುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಂತಹ ಊರುಗಳಲ್ಲಿ ಪ್ರಾರ್ಥನೆಯ ಹಾಡು ಪಕ್ಕದ ಮನೆಯವರ ಕಿವಿಗೂ ಬೀಳುತ್ತದೆ. ನಮ್ಮ ಆಝಾನ್, ನಾತ್‌ಗಳು ಅವರ ಕಿವಿಗೆ ಬೀಳುವಂತೆಯೇ. ಆದ್ದರಿಂದ ಕೇಳುಗರಾಗಿ ನಾವು ನಾಲ್ಕು ಮಾತು ಹೇಳಿದರೆ ತಪ್ಪಾಗಲಾರದು ಎಂದುಕೊಂಡಿದ್ದೇವೆ.

ಇಂದು ಈ ಭಾಗದ ಪ್ರಾರ್ಥನಾ ಕೂಟಗಳಲ್ಲಿ ಜನಪ್ರಿಯವಾಗಿರುವ ಹಾಡುಗಳನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಬೇಗ ಹೊಳೆಯುತ್ತದೆ. ಮಾತು ಕನ್ನಡದ್ದು, ಆದರೆ ರಾಗ ಬಹಳ ಸಲ ಚೆನ್ನೈ ಅಥವಾ ಹೈದರಾಬಾದ್‌ನಿಂದ ಬಂದದ್ದು, ಇನ್ನೂ ಕೆಲವು ಅಮೆರಿಕ, ಆಸ್ಟ್ರೇಲಿಯಗಳಿಂದ ಬಂದವು. ಕೀಬೋರ್ಡು, ಡ್ರಮ್ಮು, ಮೊಬೈಲಿನಲ್ಲಿ ಕೇಳಿ ಕಲಿತ ಸ್ವರ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂಬ ವಾದ ನಮ್ಮದಲ್ಲ. ನಮ್ಮ ಭಜನಾ ಮೇಳಗಳ, ಕಂಪನಿ ನಾಟಕಗಳ ಉಸಿರಾಗಿದ್ದ ಹಾರ್ಮೋನಿಯಂ ಕೂಡ ಯುರೋಪಿನಿಂದಲೇ ಬಂದದ್ದು. ಇದು ಭಾರತೀಯ ಸಂಗೀತಕ್ಕೆ ಒಗ್ಗದು ಎಂದು ಆಕಾಶವಾಣಿ 1940ರಿಂದ ಸುಮಾರು ಮೂವತ್ತು ವರ್ಷ ಅದನ್ನು ಹೊರಗಿಟ್ಟಿತ್ತು. ಹಳ್ಳಿಯ ಭಜನೆಯವರು ಮಾತ್ರ ಆ ನಿಷೇಧಕ್ಕೆ ಸೊಪ್ಪು ಹಾಕಲಿಲ್ಲ. ಪ್ರಶ್ನೆ ಇರುವುದು ವಾದ್ಯ ಎಲ್ಲಿಂದ ಬಂತು ಎಂಬುದರಲ್ಲಲ್ಲ, ಬಂದ ರಾಗ ಕನ್ನಡದ ಮಾತನ್ನು ಏನು ಮಾಡುತ್ತದೆ ಎಂಬುದರಲ್ಲಿ.

ಕನ್ನಡದಲ್ಲಿ ಸ್ವರ ಉದ್ದವಾದರೆ ಅರ್ಥವೇ ಬದಲಾಗುತ್ತದೆ. 'ಬಲ' ಎಳೆದರೆ 'ಬಾಲ'ವಾಗುತ್ತದೆ, 'ಕೊಡು' ಎಳೆದರೆ 'ಕೋಡು' ಆಗುತ್ತದೆ. ದೇವರಲ್ಲಿ ಬಲವನ್ನು ಬೇಡಿಕೊಳ್ಳುವ ಭಕ್ತ ರಾಗದ ಒತ್ತಾಯಕ್ಕೆ ಸಿಕ್ಕಿ ಬಾಲವನ್ನು ಬೇಡುವಂತಾದರೆ ನಗಬೇಕೋ ಅಳಬೇಕೋ ತಿಳಿಯದು. ಹಾಡಿನಲ್ಲಿ ಎಳೆಯುವುದು ಎಲ್ಲ ಕಡೆಯೂ ಇದ್ದದ್ದೇ, ದಾಸರ ಪದಗಳಲ್ಲೂ ಇದೆ. ಆದರೆ ಪದ ಕಟ್ಟುವಾಗಲೇ ರಾಗ ಕಿವಿಯಲ್ಲಿದ್ದ ದಾಸರು ಎಳೆತ ಎಲ್ಲಿ ಬೀಳಬೇಕು ಎಂದು ಬಲ್ಲವರಾಗಿದ್ದರು. 'ಯೇಸು', 'ತಂದೆ', 'ಕರ್ತ' ಎಂಬ ಮಾತುಗಳ ಮೊದಲ ಅಕ್ಷರ ಗುರು. ಆದ್ದರಿಂದ ಅವು ಎಂತಹ ರಾಗದಲ್ಲೂ ಹೇಗೋ ಕೂರುತ್ತವೆ. 'ಕೃಪೆ', 'ದಯೆ', 'ಬಲ' ಇವು ಎರಡೂ ಅಕ್ಷರ ಲಘುವಾದ ಪುಟ್ಟ ಮಾತುಗಳು. ಇವನ್ನು ಉದ್ದ ಸ್ವರದ ಮೇಲೆ ಹಾಕಿದೊಡನೆ ಮಾತು ಮುರಿಯುತ್ತದೆ.

ಇನ್ನೊಂದು ಉದಾಹರಣೆ ನೋಡೋಣ. ಅಮೆರಿಕದ ಹೆನ್ರಿ ಸ್ಮಿತ್ 1978ರಲ್ಲಿ ರಚಿಸಿದ, ಡಾನ್ ಮೋಯೆನ್ ಹಾಡಿದ ಮೇಲೆ 1986ರಿಂದ ಲೋಕಪ್ರಸಿದ್ಧವಾದ ಗೀತೆಯ ಹೆಸರು 'ಗಿವ್ ಥ್ಯಾಂಕ್ಸ್'. ಇಂಗ್ಲಿಷಿನಲ್ಲಿ ಎರಡು ಉಚ್ಚಾರ. ಅದನ್ನೇ ಕನ್ನಡದಲ್ಲಿ 'ಕೃತಜ್ಞತೆ ಸಲ್ಲಿಸಿರಿ' ಎಂದರೆ ಎಂಟು ಅಕ್ಷರ. ಎರಡು ಸ್ವರದ ಜಾಗದಲ್ಲಿ ಎಂಟು ಅಕ್ಷರ ತುರುಕುವುದು ಸಾಧ್ಯವಿಲ್ಲ. ಆಗ ಅನುವಾದಕ ಕೈಗೆ ಸಿಕ್ಕ ಚಿಕ್ಕ ಮಾತಿನ ಮೊರೆ ಹೋಗುತ್ತಾನೆ. 'ಸ್ತೋತ್ರ' ಎಂಬ ಎರಡಕ್ಷರದ ಪದ ಈ ಹಾಡುಗಳಲ್ಲಿ ಇಷ್ಟೊಂದು ತುಂಬಿಕೊಂಡಿರುವುದಕ್ಕೆ ಭಕ್ತಿಯಷ್ಟೇ ಈ ಇಕ್ಕಟ್ಟೂ ಕಾರಣ ಎಂದು ನಮಗೆ ಅನಿಸಿದೆ. ಅಲ್ಲದೆ ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಸಾಲು ಸಾಲೂ 'ಸ್ತುತಿಸುವೆನು', 'ಆರಾಧಿಸುವೆನು', 'ಹಾಡುವೆನು' ಎಂದು ಮುಗಿಯುತ್ತದೆ. ಪ್ರಾಸ ಪುಕ್ಕಟೆ ಸಿಕ್ಕಂತಾಯಿತು, ಏಕತಾನತೆಯೂ ಅದರ ಹಿಂದೆಯೇ ಬಂತು. ಗುಳೇದಗುಡ್ಡದ ಸಂತೆಯಲ್ಲಿ 'ಮಾಡ್ತೀನ್ರಿ' ಎನ್ನುವ ತಾಯಿ ದೇವರ ಮುಂದೆ ಮಾತ್ರ 'ಆರಾಧಿಸುವೆನು' ಎನ್ನಬೇಕು.

ಈ ತೊಡಕು ಹೊಸದಲ್ಲ. ಬಾದಾಮಿಯ ನೆರೆಯ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ಖಣ ನೇಯುವ ನೇಕಾರರ ಊರು ಅದು. ಮಿಷನರಿಗಳು ತಮ್ಮೊಂದಿಗೆ ಜರ್ಮನಿಯ ಸ್ತೋತ್ರಗಳ ರಾಗಗಳನ್ನೂ ತಂದರು, ಅವಕ್ಕೆ ಕನ್ನಡದ ಮಾತು ಹೊಂದಿಸಿದರು. ಪ್ರತಿ ಅಕ್ಷರಕ್ಕೂ ಒಂದೊಂದು ಸಮತೂಕದ ಸ್ವರ ಕೊಟ್ಟು ನಿಧಾನವಾಗಿ ನಡೆಯುವ ಆ ರಾಗದಲ್ಲಿ ಲಘುವೂ ಗುರುವೂ ಒಂದೇ. ವಿಚಿತ್ರವೆಂದರೆ, ಅದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದ್ದ. ಅಂದರೆ ಕನ್ನಡದ ಜನ ಹೇಗೆ ಹಾಡುತ್ತಾರೆ ಎಂಬುದು ಅವರ ಮುದ್ರಣಾಲಯಕ್ಕೆ ಗೊತ್ತಿತ್ತು, ಚರ್ಚಿನ ಆರ್ಗನ್ನಿಗೆ ಮಾತ್ರ ಗೊತ್ತಿರಲಿಲ್ಲ!

ಈ ಕೊರತೆಯನ್ನು ಚೆನ್ನಾಗಿ ಅರಿತವನು ಫರ್ಡಿನೆಂಡ್ ಕಿಟೆಲ್. ಅವನ ಹೆಸರು ನಮಗೆ 1894ರ ನಿಘಂಟಿನಿಂದ ಪರಿಚಿತ. ಆದರೆ ಅದಕ್ಕೂ ಮೂರು ದಶಕ ಮೊದಲೇ, 1862ರಲ್ಲಿ, ಅವನು 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದ್ದ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದವನೂ ಅವನೇ. ಕನ್ನಡದಲ್ಲಿ ಮಾತ್ರೆ, ಗಣ, ಆದಿಪ್ರಾಸ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿದೇ ಅವನು ಹಾಡು ಕಟ್ಟಲು ಕುಳಿತ. ಇಂದಿನ ಹಾಡುಗಾರರಲ್ಲಿ 'ಕಥಾಮಾಲೆ'ಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿಯೋ.

ನೆರೆಹೊರೆಯ ಭಾಷೆಗಳ ಸ್ಥಿತಿ ಇದಕ್ಕಿಂತ ಚೆನ್ನಾಗಿತ್ತು. ತಂಜಾವೂರಿನ ವೇದನಾಯಕಂ ಶಾಸ್ತ್ರಿಯಾರ್ (1774-1864) ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳ ಪರಂಪರೆಯನ್ನೇ ನಿಲ್ಲಿಸಿದರು. ತೆಲುಗಿಗೆ ಪುರುಷೋತ್ತಮ ಚೌಧರಿ ಸಿಕ್ಕರು. ಮರಾಠಿಯಲ್ಲಿ ನಾರಾಯಣ ವಾಮನ ತಿಲಕ (1861-1919) ಅಭಂಗ, ಓವಿಗಳ ದಾರಿಯಲ್ಲೇ ಯೇಸುವನ್ನು ಹಾಡಿದರು, ವಾರಕರಿಗಳ ಕಿವಿಗೂ ಅದು ಪರಕೀಯವೆನಿಸಲಿಲ್ಲ. ಕನ್ನಡದಲ್ಲಿ ಸಾಮಾನ್ಯ ಓದುಗನಿಗೆ ತಟ್ಟನೆ ನೆನಪಾಗುವ ಹೆಸರು ಮಾತ್ರ ಜರ್ಮನಿಯ ಕಿಟೆಲನದೇ.

ಈಗಿನ ಹಾಡುಗಳಲ್ಲಿ ಗುಣವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಹಳೆಯ ಕೀರ್ತನೆ ಪುಸ್ತಕ ಹಿಡಿಯಬಲ್ಲವರಿಗೆ ಸೇರಿದ್ದು. ಹೊಸ ಹಾಡು ಓದುಬರಹ ಬಾರದವರಿಗೂ ಎರಡು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಪಲ್ಲವಿ ಮರಳಿ ಮರಳಿ ಬರುವುದರಿಂದ ಹಿಂದಿನ ಸಾಲಿನಲ್ಲಿ ಕೂತ ಮುದುಕಿಯೂ ದನಿಗೂಡಿಸಬಹುದು. ಇದು ಭಜನೆಯ ಗುಣ, ಚಿಕ್ಕದಲ್ಲ. ತಮಿಳುನಾಡಿನ ಫಾದರ್ ಬರ್ಕ್‌ಮನ್ಸ್ ಅವರ 'ಜೆಬತೋಟ್ಟ ಜಯಗೀತಂಗಳ್' ಸರಣಿಯ ಹಾಡುಗಳು ಅಷ್ಟೊಂದು ಹರಡಿದ್ದಕ್ಕೆ ಅವುಗಳ ಆಡುಮಾತಿನ ಸರಳತೆಯೇ ಕಾರಣ. ತಮಿಳಿನಿಂದ, ತೆಲುಗಿನಿಂದ ಬಂದ ಹಾಡು ಇಂಗ್ಲಿಷಿನಿಂದ ಬಂದದ್ದಕ್ಕಿಂತ ಕನ್ನಡದಲ್ಲಿ ಚೆನ್ನಾಗಿ ಕೂರುತ್ತದೆ ಎಂಬುದನ್ನೂ ಒಪ್ಪಬೇಕು. ವಾಕ್ಯದ ಕಟ್ಟು ಒಂದೇ ಬಗೆಯದು, ಗುರು-ಲಘುವಿನ ಲೆಕ್ಕವೂ ಹತ್ತಿರದ್ದು. ಇಳಕಲ್ಲಿನ ನೇಕಾರರು ಸೀರೆಯ ಮೈ ಒಂದು ನೂಲು, ಸೆರಗು ಇನ್ನೊಂದು ನೂಲು ಇದ್ದರೂ ಕೊಂಡಿ ಹಾಕಿ ಎಳೆಗೆ ಎಳೆ ಕೂಡಿಸುತ್ತಾರೆ. ಅಂತಹ ಕೊಂಡಿ ಈ ಅನುವಾದಗಳಲ್ಲಿ ಅಲ್ಲಲ್ಲಿ ಬಿದ್ದಿದೆ, ಬಹಳ ಕಡೆ ಗಂಟು ಮಾತ್ರ ಕಾಣುತ್ತದೆ.

ನಮ್ಮ ಮುಖ್ಯ ತಕರಾರು ಛಂದಸ್ಸಿನದ್ದಲ್ಲ, ಹಾಡಿನೊಳಗಿನ ಲೋಕದ್ದು. ಈ ಹಾಡುಗಳಲ್ಲಿ ರಾಜ ಇದ್ದಾನೆ, ಸಿಂಹಾಸನ ಇದೆ, ಜಯಘೋಷ ಇದೆ, ಶತ್ರು ಕಾಲಡಿ ಬೀಳುತ್ತಾನೆ. ಊರು ಇಲ್ಲ. ಮಗ್ಗ ಇಲ್ಲ. ಮಳೆ ಕೈಕೊಟ್ಟ ಹೊಲ ಇಲ್ಲ. ಎಲ್ಲಿಯಾದರೂ ಹಾಡಬಹುದಾದ ಈ ಹಾಡುಗಳು ಯಾವ ಊರಿಗೂ ಸೇರಿದವಲ್ಲ.

ಈ ಹಾಡುಗಳಿಗೆಲ್ಲ ಮೂಲವೆನ್ನಬಹುದಾದ ಕೀರ್ತನೆಗಳ ಗ್ರಂಥ ಹೀಗಿಲ್ಲ ಎಂಬುದೇ ಇಲ್ಲಿನ ದುಃಖ. ಪ್ರವಾದಿ ದಾವೂದ್(ಅ)ರಿಗೆ ಝಬೂರ್ ನೀಡಲಾಯಿತೆಂದು ಮುಸ್ಲಿಮರಾದ ನಾವೂ ನಂಬುತ್ತೇವೆ. ಅವರೊಂದಿಗೆ ಬೆಟ್ಟಗಳೂ ಹಕ್ಕಿಗಳೂ ಸ್ತುತಿಸುತ್ತಿದ್ದವೆಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಇಂಪಾಗಿ ಕುರ್‌ಆನ್ ಓದುತ್ತಿದ್ದ ಅಬೂ ಮೂಸಾ(ರ)ರನ್ನು ಪ್ರವಾದಿ(ಸ)ಯವರು ಮೆಚ್ಚಿದ್ದು ದಾವೂದರ ಮನೆತನದ ಇನಿದನಿಯನ್ನು ನೆನೆದೇ. ಕ್ರೈಸ್ತರ ಬೈಬಲಿನಲ್ಲಿರುವ ದಾವೀದನ ಕೀರ್ತನೆಗಳನ್ನು ತೆರೆದರೆ ಬೆಟ್ಟವೂ ಹಕ್ಕಿಯೂ ನಿಜಕ್ಕೂ ಅಲ್ಲಿವೆ. ನೀರಿಗಾಗಿ ಬಾಯ್ಬಿಡುವ ಜಿಂಕೆ ಇದೆ, ಕುರುಬ ಇದ್ದಾನೆ, ಒಣಗಿ ಬಿರಿದ ನೆಲ ಇದೆ. 137ನೆಯ ಕೀರ್ತನೆಯಲ್ಲಂತೂ ನಾಡು ಕಳೆದುಕೊಂಡವರು ಪರದೇಶದ ನದಿಯ ದಂಡೆಯಲ್ಲಿ ಕುಳಿತು ಅಳುತ್ತಾರೆ, ಕಿನ್ನರಿಗಳನ್ನು ಗಿಡಕ್ಕೆ ನೇತುಹಾಕಿ ಹಾಡಲು ಒಲ್ಲೆವೆನ್ನುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಜನರಿಗೆ, 2009ರಲ್ಲೂ 2019ರಲ್ಲೂ ಮಲಪ್ರಭೆಯ ಪ್ರವಾಹಕ್ಕೆ ಮನೆ ಕಳೆದುಕೊಂಡ ಬಾದಾಮಿ ತಾಲೂಕಿನ ಹಳ್ಳಿಗಳವರಿಗೆ ಈ ಕೀರ್ತನೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅವರ ಕೈಗೆ ಸಿಕ್ಕಿರುವುದು ಮಾತ್ರ ಜಯಘೋಷದ ಹಾಡು. ಅಳುವುದಕ್ಕೆ ಜಾಗವಿಲ್ಲದ ಆರಾಧನೆ ಬಡವನನ್ನು ಎಷ್ಟು ದೂರ ಸಂತೈಸೀತು?

ಹುನಗುಂದ ತಾಲೂಕಿನ ಕೂಡಲಸಂಗಮ ಇಲ್ಲಿಂದ ದೂರವಿಲ್ಲ. ಎಂಟು ನೂರು ವರ್ಷಗಳ ಹಿಂದೆಯೇ ಬಸವಣ್ಣ ದೇವರೊಂದಿಗೆ ಬಜಾರದ ಕನ್ನಡದಲ್ಲಿ ಮಾತಾಡಿದ, ಜಗಳವನ್ನೂ ಆಡಿದ. ಅದನ್ನು ನಕಲು ಮಾಡಿ ಎಂದು ನಾವು ಹೇಳುವುದಿಲ್ಲ. ಆದರೆ ಆ ಕನ್ನಡ ಈ ನೆಲದ ಎಲ್ಲರ ಆಸ್ತಿ, ಕ್ರೈಸ್ತರದ್ದೂ ಹೌದು.

ಇಷ್ಟು ಹೇಳುವ ನಮ್ಮ ಮನೆಯ ದೋಸೆಯೂ ತೂತೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದರೆ ರಿವಾಯತ ಪದಗಳು ಕನ್ನಡದಲ್ಲೇ ಮೊಳಗುತ್ತಿದ್ದವು, ಕೆಲವೆಡೆ ಈಗಲೂ ಮೊಳಗುತ್ತವೆ. ಮೊಹರಂ ಆಚರಣೆಯ ಬಗ್ಗೆ ನಮ್ಮೊಳಗೆ ಇರುವ ಭಿನ್ನಾಭಿಪ್ರಾಯ ಬೇರೆ ಮಾತು. ಹಾಡಾಗಿ ಕೇಳಿದರೆ, ಕರ್ಬಲಾದ ಬಾಯಾರಿಕೆಯನ್ನು ಬರಗಾಲದ ಸೀಮೆಯ ಹಿಂದೂಗಳೂ ಮುಸ್ಲಿಮರೂ ಕೂಡಿ ತಮ್ಮ ಬಾಯಾರಿಕೆಯಂತೆ ಹಾಡಿದ್ದಾರೆ. ಶಿಶುನಾಳದ ಶರೀಫರು (1819-1889) ಹುಟ್ಟಿಬಂದದ್ದು ಇದೇ ಬಯಲುಸೀಮೆಯಲ್ಲಿ. ಈಗ ಅದೇ ಸೀಮೆಯ ನಮ್ಮ ಮಕ್ಕಳು ಸಿನಿಮಾ ಧಾಟಿಗೆ ಕೂರಿಸಿದ ಉರ್ದು ನಾತನ್ನು ಅರ್ಥ ಅರಿಯದೆ ಕಂಠಪಾಠ ಮಾಡುತ್ತಾರೆ. ಪಕ್ಕದ ಪ್ರಾರ್ಥನಾ ಮಂದಿರದ ಕೀಬೋರ್ಡನ್ನು ಟೀಕಿಸುವಾಗ ನಮ್ಮ ಧ್ವನಿವರ್ಧಕವೂ ನೆನಪಿರಲಿ.

ಕೊನೆಯದಾಗಿ ರಚನೆಕಾರರ ವಿಚಾರ. ಇಂಗ್ಲಿಷ್ ಆರಾಧನಾ ಗೀತೆಗಳಿಗೆ ಇಂದು ಹಕ್ಕುಸ್ವಾಮ್ಯವಿದೆ, ಪರವಾನಗಿ ಕೊಡುವ ಸಂಸ್ಥೆಗಳಿವೆ, ಬರೆದವನ ಹೆಸರು ಪರದೆಯ ಅಡಿಯಲ್ಲಿ ಮೂಡುತ್ತದೆ. ನಮ್ಮ ದಾಸರು, ಶರಣರು, ಶರೀಫರು ಕಾನೂನಿನ ನೆರವಿಲ್ಲದೆ ಅಂಕಿತದಿಂದಲೇ ಇಂದಿಗೂ ಗುರುತು ಸಿಗುತ್ತಾರೆ. ಆದರೆ ಪ್ರಾರ್ಥನಾ ಕೂಟಗಳ ಕನ್ನಡ ಹಾಡಿನ ಕಿರುಪುಸ್ತಕಗಳಲ್ಲಿ ಎರಡೂ ಇಲ್ಲ. ಕ್ರಮಸಂಖ್ಯೆ ಇದೆ, ಪಲ್ಲವಿ ಇದೆ, ಕನ್ನಡಕ್ಕೆ ತಂದವರ ಹೆಸರಿಲ್ಲ. 'ಬಲ'ವನ್ನು 'ಬಾಲ' ಮಾಡಿದವರೂ ಗೊತ್ತಿಲ್ಲ, ಕೊಂಡಿ ಹಾಕಿ ಎಳೆ ಕೂಡಿಸಿದ ಪುಣ್ಯಾತ್ಮರೂ ಗೊತ್ತಿಲ್ಲ. ಹಾಡಿನ ಕೆಳಗೆ ಒಂದು ಸಾಲು, ಮೂಲ ಯಾರದು, ಕನ್ನಡ ಯಾರದು, ಯಾವ ಊರು ಎಂದು ಅಚ್ಚು ಮಾಡಲು ಎಷ್ಟು ಮಸಿ ಬೇಕು? ಅಷ್ಟು ಮಾಡಿದರೆ ಗುಳೇದಗುಡ್ಡದಲ್ಲೋ ಹುನಗುಂದದಲ್ಲೋ ತಮ್ಮದೇ ಧಾಟಿಯಲ್ಲಿ ಪದ ಕಟ್ಟುವವರು ಯಾರಾದರೂ ಇದ್ದರೆ ಅವರ ಹೆಸರೂ ನಮಗೆ ತಿಳಿದೀತು.